ಟೆಂಪ್ಲೇಟಿಗೆ 42

ನಮ್ಮ ಕನ್ನಡ ಬಳಗದ ಹಾಸ್ಯ ಬ್ಲಾಗ್ ಸ್ಪರ್ಧೆಯ ಫಲಿತಾಂಶ, ಅದರ ಮೇಲೆ ಎದ್ದ ಗಲಾಟೆ, ಗಲಾಟೆಗೆ ಬಂದ ಸ್ಪಷ್ಟೀಕರಣ, ಸ್ಪಷ್ಟೀಕರಣ ಓದಿ ಮೂವರು ಗ್ರೂಪ್ ಬಿಟ್ಟದ್ದು, ಬಿಟ್ಟವರಲ್ಲಿ ಇಬ್ಬರು ಅದೇ ರಾತ್ರಿ ವಾಪಸಾದದ್ದು, ಎಲ್ಲವೂ ಹಳೆಯ ಕಥೆ. ಹೊಸದು ಒಂದೇ: ಮರುಮೌಲ್ಯಮಾಪನದ ಹಾಳೆ ನನ್ನ ಹತ್ತಿರ ಬಂತು. ಬರವಣಿಗೆಗೆ 50, ವಿನ್ಯಾಸಕ್ಕೆ 50. ಕೊನೆಯಲ್ಲಿ ಬಣ್ಣ ತುಂಬಲು ಐದು ಖಾಲಿ ನಕ್ಷತ್ರ. ಅದರ ಕೆಳಗೆ ದಪ್ಪಕ್ಷರದಲ್ಲಿ 'ರ್ಯಾಂಕ್'. ಹೌದು, ಅರ್ಕಾವತ್ತಿನ ರ್ಯಾಂಕ್. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಬಾರದೆ ಬಿಡುವವನಲ್ಲ.

ನಾನಿರುವುದು ದೋಹಾದ ನಜ್ಮಾದಲ್ಲಿ. ನಜ್ಮಾ ಎಂದರೆ ಅರಬ್ಬಿಯಲ್ಲಿ ನಕ್ಷತ್ರ. ನಕ್ಷತ್ರ ಹಂಚುವ ಕೆಲಸ ನಿಮಗೇ ಸರಿ ಎಂದು ಬಳಗದವರು ನಕ್ಕರು. ಹಾಸ್ಯ ಸ್ಪರ್ಧೆಯಲ್ಲಿ ಅವರು ಮಾಡಿದ ಹಾಸ್ಯ ಅದೊಂದೇ.

ಶುಕ್ರವಾರ ಸಂಜೆ, ಬಿಸಿಲು ಇಳಿದ ಮೇಲೆ, ಸೂಕ್ ಹರಾಜಿಗೆ ಹೋದೆ. ನಜ್ಮಾದ ಈ ಹಳೆ ಸಾಮಾನಿನ ಸಂತೆಯ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ 'ಹರಾಜು' ಹುಟ್ಟಿದ್ದೇ ಅರಬ್ಬಿಯಲ್ಲಿ. ಕೆಲಸ ಮುಗಿಸಿ ಊರಿಗೆ ಹೋದವರ ಮಂಚ, ಹೋಗಲಾರದವರ ಫ್ರಿಜ್ಜು, ಯಾರದೋ ಮಗುವಿನ ತೊಟ್ಟಿಲು, ಎಲ್ಲವೂ ಅಲ್ಲಿ ಒಂದೇ ಧೂಳು ಕುಡಿಯುತ್ತ ಕೂತಿರುತ್ತವೆ. ಮಿಕ್ಸಿ ಜಾರುಗಳ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೀಲಿಮಣೆ ಕಂಡಿತು. ಇಂಗ್ಲಿಷ್ ಟೈಪು ಮಾಡುವವರ ಕೀಲಿಮಣೆಯಲ್ಲಿ ಮೊದಲು 'ಇ' ಅಳಿಸುತ್ತದೆ. ಇದರಲ್ಲಿ 'ಇ' ನೆಟ್ಟಗಿತ್ತು, 'ಎಫ್' ನುಣ್ಣಗೆ ಬೋಳಾಗಿತ್ತು. ಕನ್ನಡ ಟೈಪಿಗೆ ಕೆ.ಪಿ. ರಾವ್ ಮಾಡಿದ ವಿನ್ಯಾಸದಲ್ಲಿ ಒತ್ತಕ್ಷರ ಕೊಡುವುದು ಎಫ್ ಕೀಲಿ. ಕನ್ನಡದವನದೇ ಇದು ಎಂದುಕೊಂಡು ಕೈಗೆತ್ತಿಕೊಂಡೆ. ಮುಂದಿನದೆಲ್ಲ ನಿಂತಲ್ಲೇ ಆದ ಮಾತುಕತೆ.

ನಾನು: ನಮಸ್ಕಾರ. ಊರು ಯಾವುದು?

ಕೀಲಿಮಣೆ: ನನ್ನದು ಚೀನಾ. ಕುಟ್ಟಿದವನದ್ದು ಉಡುಪಿ ಕಡೆ. ಕುಟ್ಟಿ ಕುಟ್ಟಿ ನನ್ನ ಭಾಷೆ ಹೀಗಾಗಿದೆ, ಎಂತ ಮಾಡುವುದು ಮಾರಾಯ್ರೆ.

ನಾನು: ಏನು ಬರೆಯುತ್ತಿದ್ದರು?

ಕೀಲಿಮಣೆ: ಹಾಸ್ಯ ಬ್ಲಾಗು. 2007ರಿಂದ 2011. ಹಗಲು ಕಂಪೆನಿಯ ಲೆಕ್ಕ, ರಾತ್ರಿ ನಾನು. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಮೂರನೇ ಹೆಸರು ಅವನ ಬ್ಲಾಗಿನದ್ದೇ. ಓದಿ ನೋಡುವ, ಎಷ್ಟು ಕೊಟ್ಟಿದ್ದಾರೆ?

ನಾನು: ವಿನ್ಯಾಸಕ್ಕೆ 42. ಬರವಣಿಗೆಗೆ 19.

ಕೀಲಿಮಣೆ: ನೋಡಿ! ನಲವತ್ತೆರಡು! ಆ ಟೆಂಪ್ಲೇಟು ಅವನದ್ದಾ? ಪುಕ್ಕಟೆ ಸಿಕ್ಕಿದ್ದು, ಯಾರೋ ಪರದೇಶದವ ಮಾಡಿಟ್ಟದ್ದು. ಇವ ಎರಡು ಕ್ಲಿಕ್ ಮಾಡಿ ಹಾಕಿದ, ಅದೂ ಇಲಿಯ ಕೆಲಸ, ನಾನು ಮುಟ್ಟಲೂ ಇಲ್ಲ. ನಾಲ್ಕು ವರ್ಷ ಎಫ್ ಸವೆಸಿಕೊಂಡದ್ದು ನಾನು. ನನಗೆ ಹತ್ತೊಂಬತ್ತು, ಇಲಿಗೆ ನಲವತ್ತೆರಡು!

ನಾನು: ಸಮಾಧಾನ. ಮೊದಲು ಒಂದು ತಾಂತ್ರಿಕ ಪ್ರಶ್ನೆ. 'ರ‍್ಯಾಂಕ್' ಎಂದು ಬರೆಯುವಾಗ ನಿಮ್ಮ ಯಜಮಾನರು 'ರ' ಆದಮೇಲೆ ಕಣ್ಣಿಗೆ ಕಾಣದ ಆ ಜೋಡಕವನ್ನು ಹಾಕುತ್ತಿದ್ದರೇ? ಹಾಕದಿದ್ದರೆ ಯೂನಿಕೋಡಿನಲ್ಲಿ 'ರ' ಹೋಗಿ ಅರ್ಕಾವತ್ತಾಗಿ 'ಯಾ' ಬೆನ್ನಿಗೆ ಅಂಟಿಕೊಳ್ಳುತ್ತದೆ. ಸೂರ್ಯನಿಗೆ, ಕಾರ್ಯಕ್ಕೆ ಅದು ಭೂಷಣ. ರ‍್ಯಾಂಕಿಗೆ, ರ‍್ಯಾಲಿಗೆ ಗಂಟಲಲ್ಲಿ ಸಿಕ್ಕ ಮುಳ್ಳು. ರಾಜ್ಯೋತ್ಸವದ ಬ್ಯಾನರುಗಳಲ್ಲೂ...

ಕೀಲಿಮಣೆ: ಕಾಣದ ಅಕ್ಷರದ ಮಾತು ಬಿಡಿ ಸ್ವಾಮಿ. ಕಾಣುವ ಟೆಂಪ್ಲೇಟಿನ ಮಾತಾಡಿ. ವಿನ್ಯಾಸ ಅಂದ್ರೆ ಎಂತ? ನಮ್ಮಲ್ಲಿ ವಿನ್ಯಾಸ ಅಂದ್ರೆ ಕೆ.ಪಿ. ರಾಯರದ್ದು. ಒಂದು ಹೆಚ್ಚುವರಿ ಕೀಲಿ ಇಲ್ಲದೆ ನಲವತ್ತೊಂಬತ್ತು ಅಕ್ಷರ, ಅದರ ಕಾಗುಣಿತ, ಒತ್ತು, ಎಲ್ಲವನ್ನೂ ಈ ಇಷ್ಟಗಲದ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಬುದ್ಧಿ ಅದು. ನಿಮ್ಮ ತೀರ್ಪುಗಾರರಿಗೆ ವಿನ್ಯಾಸ ಅಂದ್ರೆ ಮಂಜು.

ನಾನು: ಮಂಜು?

ಕೀಲಿಮಣೆ: ಪುಟದ ಮೇಲಿಂದ ಕೆಳಗೆ ಬಿಳಿ ಚುಕ್ಕಿ ಬೀಳ್ತಿತ್ತು, ಹಿಮಪಾತ! ಹೊರಗೆ ಜುಲೈ ತಿಂಗಳ ದೋಹಾ, ಕಬ್ಬಿಣದ ಬಾಗಿಲು ಮುಟ್ಟಿದ್ರೆ ಬೊಬ್ಬೆ ಬರುವ ಬಿಸಿ, ಒಳಗೆ ಬ್ಲಾಗಿನ ಮೇಲೆ ಹಿಮ. ಬಲಗಡೆ ಭೂಪಟ, ಓದುಗರು ಎಲ್ಲಿಂದ ಬಂದರೆಂದು ಕೆಂಪು ಚುಕ್ಕಿ. ಕತಾರಿನ ಮೇಲಿನ ಚುಕ್ಕಿ ಎಲ್ಲಕ್ಕಿಂತ ದೊಡ್ಡದು, ಯಾಕಂದ್ರೆ ಗಳಿಗೆಗೊಮ್ಮೆ ಅವನೇ ಹೋಗಿ ನೋಡ್ತಿದ್ದ. ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ. ಎರಡು ಸಾಲಿನ ಮಧ್ಯೆ ಜಾಗ ಇಲ್ಲದೆ ಮೇಲಿನ ಸಾಲಿನ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರ್ತಿತ್ತು, ಅವನ ರೂಮಿನ ಡಬಲ್ ಡೆಕ್ಕರ್ ಮಂಚದ ಹಾಗೆ. ಇಂಗ್ಲಿಷಿಗೆ ಹೊಲಿದ ಅಂಗಿ ಅದು, ಕನ್ನಡಕ್ಕೆ ಹೊಟ್ಟೆಯ ಹತ್ತಿರ ಗುಂಡಿ ಹಾಕ್ಲಿಕ್ಕೆ ಆಗ್ತಿರಲಿಲ್ಲ. ಅದಕ್ಕೆ ನಲವತ್ತೆರಡು ಅಂತೆ, ನಲವತ್ತೆರಡು!

ಇಲ್ಲಿ ಕೀಲಿಮಣೆ ಹೇಳಿದ್ದರಲ್ಲಿ ಹುರುಳಿದೆ ಎಂದು ನನ್ನ ಅಭಿಪ್ರಾಯವನ್ನೂ ಸೇರಿಸಿಬಿಡುತ್ತೇನೆ. ಕನ್ನಡ ಅಕ್ಷರ ಕೆಳಗೆ ಬೇರು ಬಿಡುವಂಥದ್ದು. 'ಸ್ತ್ರೀ' ಎಂದು ಬರೆದರೆ ಅದು ಎರಡು ಮಾಳಿಗೆ ಕೆಳಗೆ ಇಳಿಯುತ್ತದೆ. ಸಾಲಿನ ನಡುವೆ ಉಸಿರಾಡಲು ಜಾಗ ಕೊಡುವುದೇ ಕನ್ನಡ ಪುಟದ ಮೊದಲ ವಿನ್ಯಾಸ, ಹಿಮ ಬಿದ್ದರೂ ಸರಿ ಬೀಳದಿದ್ದರೂ ಸರಿ. ನಮ್ಮ ಹಾಳೆಯಲ್ಲಿ ಇದಕ್ಕೆ ಅಂಕವೇ ಇಲ್ಲ. 'ಹಿನ್ನೆಲೆ ಬಣ್ಣ' ಎಂಬುದಕ್ಕೆ 10.

ನಾನು: ಉಳಿದ ಕೀಲಿಮಣೆಗಳು ಚಹಾ ಚೆಲ್ಲಿದ್ದು, ಧೂಳು ಹೊಕ್ಕಿದ್ದು ಎಂದೆಲ್ಲ ದೂರುತ್ತವೆ. ನಿಮಗೆ?

ಕೀಲಿಮಣೆ: ಕರಕ್ ಚಹಾ ಚೆಲ್ಲಿದೆ, ಜಿರಳೆ ಸಂಸಾರ ಹೂಡಿದೆ, ಅದಕ್ಕೆಲ್ಲ ಬೇಜಾರಿಲ್ಲ. ಟೆಂಪ್ಲೇಟಿಗೆ...

ನಾನು: ಗೊತ್ತಾಯಿತು. ಬರವಣಿಗೆಗೆ ನೀವೇ ಅಂಕ ಕೊಟ್ಟರೆ?

ಕೀಲಿಮಣೆ: ಸತ್ಯ ಹೇಳ್ತೇನೆ, ಮೊದಲ ವರ್ಷದ್ದಕ್ಕೆ ಹತ್ತೊಂಬತ್ತೂ ಹೆಚ್ಚೇ. ತಾನೇ ಜೋಕು ಹೇಳಿ ತಾನೇ 'ಹ್ಹಹ್ಹಹ್ಹ' ಅಂತ ನಗ್ತಿದ್ದ. ಒಂದು 'ಹ್ಹ'ಕ್ಕೆ ಎಚ್, ಎಫ್, ಎಚ್, ಮೂರು ಪೆಟ್ಟು. ಮೂರು 'ಹ್ಹ' ಅಂದ್ರೆ ಒಂಬತ್ತು. ಓದುಗನಿಗೆ ನಗು ಬರ್ತದೋ ಇಲ್ಲವೋ, ನನಗಂತೂ ಕಣ್ಣಲ್ಲಿ ನೀರು. ಎಫ್ ಮೇಲೆ ಅರಬ್ಬಿಯ 'ಬಾ' ಅಕ್ಷರ ಇತ್ತು. ಬಾ ಬಾ ಅಂತ ಕರೆದು ಪೆಟ್ಟು ತಿಂದದ್ದು ನಾನು. ಆಶ್ಚರ್ಯಸೂಚಕ ಒಂದೊಂದು ಸಾಲಿಗೆ ನಾಲ್ಕು. ಮತ್ತೆ ಹೆಂಡತಿ ಜೋಕು. ಹೆಂಡತಿ ಲಟ್ಟಣಿಗೆ ತಗೊಂಡಳು, ಹೆಂಡತಿ ಸೀರೆ ಕೇಳಿದಳು. ಹೆಂಡತಿ ಇದ್ದದ್ದು ಊರಿನಲ್ಲಿ, ವರ್ಷಕ್ಕೆ ಒಂದು ತಿಂಗಳು ಮುಖ ನೋಡಿದ್ರೆ ಹೆಚ್ಚು. ರೂಮಿನಲ್ಲಿ ಆರು ಜನ. ಇಲ್ಲಿ ಮೂರು ಮಕ್ಕಳ ತಂದೆಗೂ 'ಬ್ಯಾಚುಲರ್' ಅಂತಾರಲ್ಲ, ಅಂಥ ಆರು ಬ್ಯಾಚುಲರುಗಳು.

ನಾನು: ಆಮೇಲೆ ಸುಧಾರಿಸಿತೇ?

ಕೀಲಿಮಣೆ: ಬೇರೆಯವರದ್ದು ಓದ್ಲಿಕ್ಕೆ ಶುರು ಮಾಡಿದ. ಮಜಾವಾಣಿ, ಬೊಗಳೆ ರಗಳೆ. ಸುದ್ದಿಮನೆಯ ಗಾಂಭೀರ್ಯದಲ್ಲೇ ಸುಳ್ಳು ಸುದ್ದಿ ಕೊಡ್ತಿದ್ದದ್ದು. ಬೊಗಳೆ ರಗಳೆಯಲ್ಲಿ ಊರಿನ ಹೆಸರು 'ಬೊಗಳೂರು' ಅಂತ ಬರ್ತಿತ್ತು. ಅದನ್ನು ನೋಡಿದ ಮೇಲೆ ಇವನ 'ಹ್ಹಹ್ಹ' ಕಡಿಮೆ ಆಯ್ತು, ಅಳಿಸುವ ಕೀಲಿಗೆ ಕೆಲಸ ಜಾಸ್ತಿ ಆಯ್ತು. ಹಾಸ್ಯಕ್ಕೆ ಅಂಕ ಕೊಡುವುದಾದ್ರೆ ನಿಮ್ಮ ಹಾಳೆ ಬೇಡ, ಆ ಕೀಲಿ ಎಷ್ಟು ಸವೆದಿದೆ ನೋಡಿ ಕೊಡಿ.

ನಾನು: 'ಬೊಗಳೂರು' ಎಂದರೆ ಬರವಣಿಗೆಯೋ ವಿನ್ಯಾಸವೋ? ಯಾವ ಕಾಲಮ್ಮಿನಲ್ಲಿ ಹಾಕಲಿ? ಬೀಚಿಯವರನ್ನು ನೋಡಿ. ತಮ್ಮ ಹೆಸರಿನ ಮೊದಲರ್ಧ ಕನ್ನಡದಲ್ಲಿ, ಉಳಿದರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಪುಸ್ತಕ ತೆರೆಯುವ ಮೊದಲೇ, ಮುಖಪುಟದಲ್ಲೇ ನಗು. ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಹಾಗೆ ಬರೆದವರು. ಇನ್ನು 1942ರಲ್ಲಿ ರಾಶಿಯವರು ಶುರುಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ'ಯಲ್ಲಿ ಆರ್.ಕೆ. ಲಕ್ಷ್ಮಣರ ಗೆರೆಗಳು. ಆ ಗೆರೆ ಬರಹದ ಅಲಂಕಾರವೇ, ಅಥವಾ ಅದೇ ಬರಹವೇ? 50, 50 ಎಂದು ಕೊಯ್ದು ಇಡಲು ಇದೇನು ಕುಂಬಳಕಾಯಿಯೇ? ಅಂದಹಾಗೆ ಬೀಚಿಯವರ ಕಾಲಕ್ಕೆ ಯೂನಿಕೋಡ್ ಇದ್ದಿದ್ದರೆ ಆ ಅರ್ಕಾವತ್ತು...

ಕೀಲಿಮಣೆ: ಮತ್ತೆ ಬಂತು ನಿಮ್ಮ ಅರ್ಕಾವತ್ತು.

ನಾನು: ಕ್ಷಮಿಸಿ. ಇಲ್ಲಿ ತೀರ್ಪುಗಾರರ ಟಿಪ್ಪಣಿಯೂ ಇದೆ. ಬಿರಿಯಾನಿ ಬಗ್ಗೆ ಒಂದು ಬರಹವಂತೆ. 'ತೀರಾ ಹಗುರ. ಲೇಖಕರಿಗೆ ಬದುಕಿನ ಅನುಭವ ಸಾಲದು. ವಿನ್ಯಾಸ ಆಕರ್ಷಕ.'

(ಕೀಲಿಮಣೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಪಕ್ಕದಲ್ಲಿ ಯಾರೋ ಮಂಚದ ಕಾಲು ಬಿಚ್ಚುತ್ತಿದ್ದರು.)

ಕೀಲಿಮಣೆ: ಯಾವ ತಾರೀಕಿನದ್ದು ಅದು?

ನಾನು: 2011. ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆ.

ಕೀಲಿಮಣೆ: ಗುರುವಾರ ಸಂಜೆ ಊರಿಂದ ಫೋನು ಬಂತು. ಅಪ್ಪ ಹೋದರು ಅಂತ. ಆಗ ಈ ದೇಶದಿಂದ ಹೊರಡ್ಲಿಕ್ಕೆ ಟಿಕೆಟು, ಪಾಸ್‌ಪೋರ್ಟು ಇದ್ರೆ ಸಾಲ್ತಿರಲಿಲ್ಲ. ಕಂಪೆನಿ ಎಕ್ಸಿಟ್ ಪರ್ಮಿಟ್ ಕೊಡಬೇಕು. ಕೊಡುವವರು ವಾರಾಂತ್ಯಕ್ಕೆ ಫೋನು ಬಂದ್ ಮಾಡಿ ಹೋಗಿದ್ರು. ಶುಕ್ರವಾರ ರಜೆ, ಶನಿವಾರ ರಜೆ. ಇವ ಶುಕ್ರವಾರ ಇಡೀ ದಿನ ಅಂಗಿ ಹಾಕಿಕೊಂಡು, ಚೀಲ ಕಟ್ಟಿಕೊಂಡು, ಮಂಚದ ತುದಿಯಲ್ಲಿ ಕೂತಿದ್ದ. ಅತ್ತ ಮಧ್ಯಾಹ್ನ ತಮ್ಮ ಕೊಳ್ಳಿ ಇಟ್ಟಾಯಿತು. ಭಾನುವಾರ ಬೆಳಿಗ್ಗೆ ಪರ್ಮಿಟ್ ಬಂತು.

ನಾನು: ಮತ್ತೆ ಈ ಬಿರಿಯಾನಿ?

ಕೀಲಿಮಣೆ: ಶುಕ್ರವಾರ ರಾತ್ರಿ ನನ್ನ ಎದುರು ಕೂತ. ಅಪ್ಪನ ಬಗ್ಗೆ ಬರೆದ. ಅಳಿಸಿದ. ಪರ್ಮಿಟ್ ಬಗ್ಗೆ ಬರೆದ. ಎರಡು ಪುಟ. ಅಷ್ಟು ಚೆನ್ನಾಗಿ ಅವ ಯಾವತ್ತೂ ಬರೆದದ್ದಿಲ್ಲ, ಒಂದೇ ಒಂದು 'ಹ್ಹ' ಇಲ್ಲ. ಓದಿದ. ಕೆಲಸ ಹೋದ್ರೆ ತಂಗಿಯ ಮದುವೆ ಸಾಲ ಯಾರು ಕಟ್ಟುವುದು ಅಂತ ಅಳಿಸಿದ. ಒಂದೊಂದೇ ಅಕ್ಷರ, ಹಿಂದಿನಿಂದ. ಒಟ್ಟಿಗೆ ಅಳಿಸಬಹುದಿತ್ತು. ಅಳಿಸಲಿಲ್ಲ. ನಾಲ್ಕು ಗಂಟೆಗೆ ಬಿರಿಯಾನಿಯಲ್ಲಿ ಮೊಟ್ಟೆ ಸಿಗದ ಕಥೆ ಬರೆದು ಹಾಕಿ ಮಲಗಿದ. ಶನಿವಾರ ಬೆಳಿಗ್ಗೆ ಬರಹ ಬರ್ಲೇಬೇಕು ಅಂತ ಓದುಗರಿಗೆ ಮಾತು ಕೊಟ್ಟಿದ್ದನಲ್ಲ.

ಇದಾದ ಮೇಲೆ ನಾನು ಸ್ವಲ್ಪ ಹೊತ್ತು ಪ್ರಶ್ನೆ ಕೇಳಲಿಲ್ಲ.

ಆ ಪರ್ಮಿಟ್ 2018ರಲ್ಲಿ ಬಹುಪಾಲು ನೌಕರರಿಗೆ ರದ್ದಾಯಿತು. 2020ರ ಜನವರಿಯಲ್ಲಿ ಮನೆಗೆಲಸದವರಿಗೂ ವಿನಾಯಿತಿ ವಿಸ್ತರಿಸಿತು. ಆಗಬೇಕಾದದ್ದು ಆಯಿತು, ಸಂತೋಷ. ಆದರೆ ಅದಕ್ಕೂ ಮೊದಲಿನ ವರ್ಷಗಳಲ್ಲಿ ಅಪ್ಪನ, ಅಮ್ಮನ ಮುಖ ಕೊನೆಯ ಸಲ ನೋಡಲಾರದೆ ಚೀಲ ಕಟ್ಟಿಕೊಂಡು ಕೂತವರ ಆ ಎರಡು ದಿನಗಳನ್ನು ಯಾವ ತಿದ್ದುಪಡಿಯೂ ಹಿಂದಕ್ಕೆ ಕೊಡುವುದಿಲ್ಲ. ನನಗೆ ಸಿಟ್ಟಿರುವುದು ಕಾನೂನಿನ ಮೇಲೊಂದೇ ಅಲ್ಲ. ಏರ್‌ಕಂಡಿಷನ್ ಸಭಾಂಗಣದಲ್ಲಿ, ಬಾದಾಮಿ ಹಾಲು ಕುಡಿಯುತ್ತ, ಅಂಥವನ ಬರಹ ಹಿಡಿದು 'ಬದುಕಿನ ಅನುಭವ ಸಾಲದು' ಎಂದು ಬರೆದ ನಮ್ಮವರ ಮೇಲೆ. ಹತ್ತೊಂಬತ್ತು ಕೊಟ್ಟದ್ದಕ್ಕೆ ಸಿಟ್ಟಿಲ್ಲ. ಬಿರಿಯಾನಿಯ ಬರಹ ನಿಜಕ್ಕೂ ಹಗುರವೇ, ನಾನೂ ಓದಿದ್ದೇನೆ. ಅದು ಹಗುರವಾದದ್ದು ಹೇಗೆ ಎಂದು ಕೇಳುವಷ್ಟು ಪುರುಸೊತ್ತು ಇಲ್ಲದವರು ಹಿಮ ಎಷ್ಟು ಚೆನ್ನಾಗಿ ಬೀಳುತ್ತದೆ ಎಂದು ನೋಡಲು ಪುರುಸೊತ್ತು ಮಾಡಿಕೊಂಡರಲ್ಲ, ಅದಕ್ಕೆ. ಇಲ್ಲಿನ ನೂರಾರು ರೂಮುಗಳಲ್ಲಿ ಹೀಗೆ ಅಳಿಸಿಹೋದದ್ದು ಎಷ್ಟು ಪುಟವೋ. 2014ರಲ್ಲಿ ಸೈಬರ್ ಅಪರಾಧದ ಕಾನೂನು ಬಂದ ಮೇಲಂತೂ ಬರೆಯುವ ಮೊದಲೇ ಅಳಿಸುವ ಅಭ್ಯಾಸ ಎಲ್ಲರಿಗೂ ಆಯಿತು. ನನಗೂ.

ನಾನು: ಊರಿಗೆ ಹೋಗಿ ಬಂದ ಮೇಲೆ ಬರೆದರೇ?

ಕೀಲಿಮಣೆ: ನಾಲ್ಕು ಬರಹ. ನಾಲ್ಕೂ ಹೆಂಡತಿ ಜೋಕು. ಮತ್ತೆ ನಿಂತಿತು. ಕೆಲಸ ಬಿಟ್ಟು ಹೋಗುವಾಗ ರೂಮಿನವರು ಎಲ್ಲ ಸಾಮಾನು ಒಟ್ಟಿಗೆ ಇಲ್ಲಿ ತಂದು ಮಾರಿದ್ರು. ಇಲಿಯನ್ನು ಮಾತ್ರ ಯಾರೋ ಇಟ್ಟುಕೊಂಡ್ರು.

ನಾನು: ಇಲಿಯ ಮೇಲೆ ಇನ್ನೂ ಸಿಟ್ಟೇ?

ಕೀಲಿಮಣೆ: ನಲವತ್ತೆರಡು ಮಾರಾಯ್ರೆ, ನಲವತ್ತೆರಡು!

ಅಂಗಡಿಯ ಮಲಯಾಳಿ ಹತ್ತು ರಿಯಾಲ್ ಅಂದ. ಎಫ್ ಒತ್ತಿದರೆ ಮೇಲೆ ಬರುವುದಿಲ್ಲ ಎಂದು ತೋರಿಸಿದೆ. ಐದಕ್ಕೆ ಕೊಟ್ಟ.

ಹಾಳೆಯನ್ನು ಮರುದಿನವೇ ಬಳಗಕ್ಕೆ ಹಿಂದಿರುಗಿಸಿದ್ದೇನೆ. ಬರವಣಿಗೆಯ ಚೌಕ ಖಾಲಿ, ವಿನ್ಯಾಸದ ಚೌಕ ಖಾಲಿ, ಐದೂ ನಕ್ಷತ್ರ ಖಾಲಿ. ಅಡಿಯಲ್ಲಿದ್ದ 'ರ್ಯಾಂಕ್' ಹೊಡೆದುಹಾಕಿ, ಪಕ್ಕದಲ್ಲಿ ಕೈಬರಹದಲ್ಲಿ 'ರ‍್ಯಾಂಕ್' ಎಂದು ತಿದ್ದಿದ್ದೇನೆ. ಹಾಳೆ ಈಗ ಇನ್ನೊಬ್ಬ ತೀರ್ಪುಗಾರರ ಕೈಯಲ್ಲಿದೆಯಂತೆ.