ಆಸನಸಿದ್ಧರು

ಪ್ರತಿ ಕಚೇರಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿರುವವರಿಗೆ ನಾವಿಟ್ಟ ಬಿರುದು ಆಸನಸಿದ್ಧರು.

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಅವರು ಬಯೋಮೆಟ್ರಿಕ್ ಯಂತ್ರದ ಮುಂದೆ ಹಾಜರು. ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ, ಕಣ್ಣು ಮುಚ್ಚಿ ಒತ್ತುತ್ತಾರೆ. ಹಸಿರು ದೀಪ ಹತ್ತಿತೋ, ಅಂದಿನ ಮುಖ್ಯ ಕೆಲಸ ಮುಗಿದಂತೆ. ಮಿಕ್ಕದ್ದು ಕೂರುವುದು.

ಕುರ್ಚಿಯ ಬೆನ್ನಿಗೆ ಟರ್ಕಿ ಟವೆಲ್, ಮೇಜಿನ ಮೇಲೆ ಬಿಚ್ಚಿಟ್ಟ ಫೈಲು, ಫೈಲಿನ ಮೇಲೆ ಕನ್ನಡಕ. ಅವರು ಕ್ಯಾಂಟೀನಿಗೆ ಹೋದಾಗ ಡ್ಯೂಟಿ ಮಾಡುವುದು ಈ ಕನ್ನಡಕ. ಓದುವ ಕನ್ನಡಕ ಬೇರೆಯಿದೆ, ಅದು ಜೇಬಿನಲ್ಲಿರುತ್ತದೆ. ಕ್ಯಾಂಟೀನಿನಲ್ಲಿ ಪೇಪರ್ ಓದಬೇಕಲ್ಲ!

"ಸಾರ್, ನನ್ನ ಪೆನ್ಷನ್ ಫೈಲು?" ಎಂದು ಯಾರಾದರೂ ಬಂದರೆ, "ನೋಡ್ತಾ ಇದೀರಲ್ಲ ಸ್ವಾಮಿ, ರಾತ್ರಿ ಏಳರ ತನಕ ಕೂತಿರ್ತೀನಿ. ಇನ್ನೇನು ಮಾಡ್ಲಿ?" ಅನ್ನುತ್ತಾರೆ. ಕೇಳಿದವರಿಗೇ ಅಯ್ಯೋ ಪಾಪ ಅನ್ನಿಸಿ, ಬಂದ ದಾರಿ ಹಿಡಿಯುತ್ತಾರೆ.

ಈ ಸಿದ್ಧಿ ಒಂದು ದಿನದ್ದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಓದಿದವರು ಅವರು. ತಲೆಗೆ ಎಷ್ಟು ಹೋಯಿತೆಂದು ಯಾರೂ ವಿಚಾರಿಸಲಿಲ್ಲ. "ಹನ್ನೆರಡಾದರೂ ಆ ಹುಡುಗನ ಲೈಟು ಆರೋದಿಲ್ಲ" ಎಂದು ಎದುರುಮನೆಯವರು ಊರಿಗೆಲ್ಲ ಸಾರಿದರು. ಜ್ಞಾನೋದಯವಾದದ್ದು ಆಗಲೇ: ಅಂಕ ಬರುವುದು ವರ್ಷಕ್ಕೊಮ್ಮೆ, ಲೈಟು ಕಾಣುವುದು ದಿನಾ. ಪರೀಕ್ಷೆಗೆ ಕೂರಲು ಹಾಜರಾತಿ ಶೇ. 75 ಬೇಕು, ಪಾಸಾಗಲು ಅವರ ಕಾಲದಲ್ಲಿ 35 ಸಾಕಿತ್ತು. "ಸರ್ಕಾರಕ್ಕೇ ಗೊತ್ತು ಕಣ್ರೀ. ಬರೋದು ಮುಖ್ಯ, ಬರೆಯೋದು ಆಮೇಲೆ!"

2023ರಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದಾಗ ಆ ಸುದ್ದಿ ಕತ್ತರಿಸಿಕೊಂಡು ಮೇಜಿನ ಗಾಜಿನಡಿ ಸೇರಿತು. 2025ರಲ್ಲಿ ಎಲ್ ಅಂಡ್ ಟಿಯ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿದ್ದಾಗ ಪಕ್ಕದಲ್ಲಿ ಅದೂ. ವಾರಕ್ಕಿರುವುದೇ 168 ಗಂಟೆ ಎಂದರೆ, "ಮಿಕ್ಕ 78ರಲ್ಲಿ ಅಷ್ಟೊಂದು ಏನು ಕಡಿದು ಕಟ್ಟೆ ಹಾಕ್ತೀರಿ?" ಎಂದು ನಮಗೇ ಸವಾಲು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48ಕ್ಕೇ ಗೆರೆ ಎಳೆದಿತ್ತಲ್ಲ ಎಂದರೆ, "ಅದು ಮೆಷಿನ್ ಮುಂದೆ ನಿಂತು ದುಡಿಯೋರಿಗೆ. ನಾವು ಕೂತಿರೋರು!"

ಇಂಥವರ ನೆಮ್ಮದಿ ಕೆಡಿಸಿದವಳು ಎದುರು ಟೇಬಲ್ಲಿನ ಹೊಸ ಎಸ್‌ಡಿಎ ಹುಡುಗಿ. ದಿನದ ಫೈಲುಗಳನ್ನು ಮೂರಕ್ಕೆಲ್ಲ ಮುಗಿಸಿ, ಹಳೆಯ ಬಾಕಿಗೂ ಕೈಹಾಕಿ, ಐದೂವರೆಗೆ ಬ್ಯಾಗು ಹೆಗಲಿಗೇರಿಸುತ್ತಾಳೆ.

"ಏನಮ್ಮಾ, ಹಾಫ್ ಡೇನಾ?"

"ಇಲ್ಲ ಸಾರ್, ಐದೂವರೆ ಆಯ್ತು."

"ಮತ್ತೆ ಕೆಲಸ?"

"ಮುಗೀತು ಸಾರ್."

ಮುಗಿದುಹೋಗುವುದೂ ಒಂದು ಕೆಲಸವೇ ಎಂಬಂತೆ ಅವರು ನಮ್ಮ ಮುಖ ನೋಡುತ್ತಾರೆ.

ಸಾಹೇಬರೂ ಅವರ ಕಡೆಗೇ. ಅದಕ್ಕೆ ಕಾರಣವಿಲ್ಲದಿಲ್ಲ. ಯಾರು ಹಾಕಿದ ಲೆಕ್ಕ ಸರಿಯಿದೆ ಎಂದು ತಿಳಿಯಬೇಕಾದರೆ ಸಾಹೇಬರಿಗೂ ಲೆಕ್ಕ ಬರಬೇಕು. ಏಳು ಗಂಟೆಗೆ ಯಾರು ಕೂತಿದ್ದಾರೆ ಎಂದು ತಿಳಿಯಲು ಬಾಗಿಲು ತೆರೆದು ಇಣುಕಿದರೆ ಸಾಕು. "ನೋಡಿ ಕಲೀರಿ" ಎಂದು ಸಾಹೇಬರು ಮೀಟಿಂಗಿನಲ್ಲಿ ಆಸನಸಿದ್ಧರತ್ತ ಕೈ ತೋರಿಸುತ್ತಾರೆ. ಆ ಮೀಟಿಂಗೂ ಎರಡು ಗಂಟೆ ನಡೆಯುತ್ತದೆ.

ಮೊನ್ನೆ ಸಿದ್ಧರ ನಿವೃತ್ತಿ ಹತ್ತಿರವಾಗಿ, ಅವರದೇ ಪೆನ್ಷನ್ ಫೈಲು ಆ ಹುಡುಗಿಯ ಟೇಬಲ್ಲಿಗೆ ಬಂತು. ಅವಳು ಸೇವಾ ಪುಸ್ತಕ ತಿರುವಿ, ಲೆಕ್ಕ ಹಾಕಿ, ಊಟದ ಹೊತ್ತಿಗೆ ಸಹಿಗೆ ತಯಾರು ಮಾಡಿಟ್ಟಳು. ಸಂತೋಷಪಡಬೇಕಾದವರು ಬೆವರಿದರು.

"ಒಂದೇ ಬೆಳಗ್ಗೆ ಮುಗಿಯೋದು ಅಂದ್ರೇನಮ್ಮಾ? ಏನೋ ತಪ್ಪಿರುತ್ತೆ, ಕೊಡಿಲ್ಲಿ."

ಫೈಲನ್ನು ತಮ್ಮ ಮೇಜಿಗೆ ಒಯ್ದು ಮರುಪರಿಶೀಲನೆಗೆ ಕೂತಿದ್ದಾರೆ. ತಪ್ಪು ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಸಹಿಗೆ ಕಳಿಸುವುದಿಲ್ಲವಂತೆ.