ಪಂಕ್ತಿಯಲ್ಲೊಬ್ಬಳು ಡಾಕ್ಟ್ರು

ಮದುವೆಮನೆಯ ಊಟದ ಪಂಕ್ತಿಯಲ್ಲಿ ಒಬ್ಬ ಹುಡುಗಿಯ ಎಡಬಲದ ಎಲೆಗಳಿಗೆ ಮಾತ್ರ ಪೈಪೋಟಿ ನಡೆದಿದ್ದರೆ, ಆಕೆ ಎಂಬಿಬಿಎಸ್ ಮುಗಿಸಿ ಪಿಜಿ ಮಾಡುತ್ತಿದ್ದಾಳೆಂದು ತಿಳಿಯಬೇಕು. ಎಡಕ್ಕೆ ಕೂತ ದೊಡ್ಡಪ್ಪ ಹೋಳಿಗೆಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತ, "ಮೂರು ತಿಂಗಳ ಶುಗರು ಎಂಟೂವರೆ ಬಂದಿದೆ ಪುಟ್ಟಿ, ಪರವಾಗಿಲ್ಲ ತಾನೆ?" ಎನ್ನುತ್ತಾರೆ. ಬಲಗಡೆಯ ಅತ್ತೆ ಮಂಡಿಯ ಸಮಾಚಾರಕ್ಕೆ ಪೀಠಿಕೆ ಹಾಕುವಷ್ಟರಲ್ಲಿ ಅನ್ನ ಬರುತ್ತದೆ. ಆಕೆ ಓದುತ್ತಿರುವುದು ಜನರಲ್ ಮೆಡಿಸಿನ್ ಎಂದು ಗೊತ್ತಾದಾಗ ಎದುರು ಸಾಲಿನವರೊಬ್ಬರು "ಓ, ಬರೀ ಜನರಲ್ಲಾ? ಸ್ಪೆಷಲಿಸ್ಟ್ ಅಲ್ವಾ?" ಎಂದು ಮರುಗುವುದೂ ಉಂಟು. ಮರುಗಿದ ಮೇಲೆ ತಮ್ಮ ಗ್ಯಾಸ್ಟ್ರಿಕ್ಕಿನ ವಿಷಯ ಎತ್ತುತ್ತಾರೆ. ಇದನ್ನೆಲ್ಲ ಪುಕ್ಕಟೆ ವೈದ್ಯದ ಆಸೆ ಎಂದು ಗೇಲಿ ಮಾಡುವುದು ವಾಡಿಕೆ. ಅದು ಅನ್ಯಾಯ. ದೊಡ್ಡಪ್ಪ ಆಗಲೇ ಫೀಸು ಕೊಟ್ಟು ದೊಡ್ಡ ಡಾಕ್ಟರಿಗೆ ತೋರಿಸಿ, ಮಾತ್ರೆಗಳನ್ನೂ ತಂದಾಗಿದೆ. ಅವರು ಹುಡುಕುತ್ತಿರುವುದು ಆ ದೊಡ್ಡ ಡಾಕ್ಟರು ಹೇಳದೆ ಬಿಟ್ಟದ್ದನ್ನು ಕೂತು ಹೇಳುವ ಒಂದು ಪ್ರಾಣಿಯನ್ನು.

ಆ ಪ್ರಾಣಿಯ ಪಾಡು ನೋಡಿ. ಪಿಯುಸಿ, ನೀಟ್, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಹೌಸ್ ಸರ್ಜನ್ಸಿ, ಮತ್ತೊಂದು ನೀಟ್, ಮೂರು ವರ್ಷ ಎಂಡಿ; ಹೃದಯವೋ ಕಿಡ್ನಿಯೋ ಬೇಕೆಂದರೆ ಡಿಎಂ ಎಂದು ಇನ್ನೂ ಮೂರು. ಜೊತೆಯಲ್ಲೇ ಪಿಯುಸಿ ಮುಗಿಸಿದ ಚಿಕ್ಕಪ್ಪನ ಮಗ ಅಷ್ಟರಲ್ಲಿ ವೈಟ್‌ಫೀಲ್ಡಿನಲ್ಲಿ ಫ್ಲಾಟು ಕೊಂಡು ಇಎಂಐ ಬಗ್ಗೆ ಗೊಣಗುವ ಅಂತಸ್ತಿಗೆ ಏರಿರುತ್ತಾನೆ. ಹಾಗಾಗಿ ಮನೆಯಲ್ಲಿ ಆಕೆಯ ವಯಸ್ಸಿಗೆ ಎರಡು ಲೆಕ್ಕ. ಜಾತಕ ಹೊರಗೆ ಬಂದಾಗ "ಇಪ್ಪತ್ತೇಳಾಯ್ತಲ್ಲೇ". ಉಪ್ಪಿನಕಾಯಿ ಕಮ್ಮಿ ಮಾಡಿ ಎಂದಾಗ "ನಿನ್ನೆ ಮೊನ್ನೆ ಹುಟ್ಟಿದೋಳು, ನಿಂಗೇನೇ ಗೊತ್ತು". ಆಸ್ಪತ್ರೆಯಲ್ಲೋ, ರೆಸಿಡೆಂಟುಗಳ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. 2023ರ ಪಿಜಿ ನಿಯಮಾವಳಿ ಅಂಕಿಗಳ ತಂಟೆಗೇ ಹೋಗದೆ, ದುಡಿಮೆಯೂ ವಿಶ್ರಾಂತಿಯೂ ಸಮಂಜಸವಾಗಿರಬೇಕು ಎಂದಿತು. ಎಷ್ಟಾದರೆ ಸಮಂಜಸ ಎಂಬುದನ್ನು ಯೂನಿಟ್ ಚೀಫ್ ತೀರ್ಮಾನಿಸುತ್ತಾರೆ. ಅವರ ಕಾಲದಲ್ಲಿ ಅವರು ನಿದ್ದೆಯನ್ನೇ ಮಾಡಿರಲಿಲ್ಲವಂತೆ. ನೈಟ್ ಡ್ಯೂಟಿ, ಅದರ ಬೆನ್ನಿಗೆ ರೌಂಡ್ಸು, ಅದರ ಬೆನ್ನಿಗೆ ಓಪಿಡಿ ಮುಗಿಸಿ ಬಂದು ಉರುಳಿಕೊಂಡರೆ, "ಡಾಕ್ಟರಾಗಿ ಮಟಮಟ ಮಧ್ಯಾಹ್ನ ಮಲಗ್ತಾಳೆ, ಆರೋಗ್ಯಕ್ಕೆ ಒಳ್ಳೇದಲ್ಲ" ಎಂದು ಅಜ್ಜಿಯ ಆರೋಗ್ಯ ಸಲಹೆ.

ಓದಿಸಿದ ಮನೆಯವರಿಗೆ ಕೇಳುವ ಹಕ್ಕಿಲ್ಲವೇ ಎನ್ನಬಹುದು. ಖಂಡಿತ ಇದೆ. ಆದರೆ ಫೀಸು ಕಟ್ಟಿದ ಅಪ್ಪ ಅಮ್ಮ ತಮ್ಮ ಬಿಪಿಯನ್ನು ಮಗಳಿಂದ ಮುಚ್ಚಿಟ್ಟು ಬದುಕುತ್ತಾರೆ. ಹಕ್ಕು ಚಲಾಯಿಸುವವರು, ಸೀಟು ಸಿಕ್ಕ ಸುದ್ದಿಗೆ ಒಂದು ಪೆನ್ನು ಕೊಟ್ಟು ಹೋದವರು. ಅಷ್ಟು ಕಷ್ಟವಾದರೆ "ಗೊತ್ತಿಲ್ಲ" ಎಂದು ಫೋನಿಡಲಿ ಎಂಬುದು ಇನ್ನೊಂದು ಆಕ್ಷೇಪ. ಇಲ್ಲಿ ಆಕೆಯೂ ಪೂರಾ ನಿರ್ದೋಷಿಯಲ್ಲ. ಬೆಳಗ್ಗೆ ರೌಂಡ್ಸಿನಲ್ಲಿ, ಜೂನಿಯರುಗಳೆಲ್ಲ ನೋಡುತ್ತಿರುವಾಗ, "ಗೊತ್ತಿಲ್ಲ ಸರ್" ಎಂದು ತಲೆ ತಗ್ಗಿಸಿದವಳಿಗೆ ಸಂಜೆ ಚಿಕ್ಕಮ್ಮನ ಎದುರೂ ಅದನ್ನೇ ಹೇಳುವ ಮನಸ್ಸು ಹೇಗೆ ಬಂದೀತು? ಊರಿನಲ್ಲಿ ಆಕೆಯನ್ನು ಡಾಕ್ಟ್ರೇ ಎನ್ನುವ ಜಾಗ ಅದೊಂದೇ. ಎಲ್ಲವೂ ಗೂಗಲ್ಲಿನಲ್ಲಿ ಸಿಗುತ್ತದಲ್ಲ ಎಂದು ಹೊಸ ಕಾಲದವರು ಕೇಳುತ್ತಾರೆ. ಸಿಗುತ್ತದೆ, ಅಲ್ಲಿ ಸಿಕ್ಕಿದ್ದು ಕ್ಯಾನ್ಸರು ಎಂಬ ಕಾರಣಕ್ಕೇ ರಾತ್ರಿ ಹನ್ನೊಂದಕ್ಕೆ ಫೋನು ಬಂದಿರುವುದು.

ಪ್ರಶ್ನೆಗಳನ್ನಾದರೂ ಒಮ್ಮೆ ಗಮನಿಸಿ. ಈ ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ? ಎಷ್ಟು ದಿನ? ಜೀವನಪೂರ್ತಿ ಅಂದರಲ್ಲ, ತಮಾಷೆಗಾ? ಥೈರಾಯ್ಡ್ ರಿಪೋರ್ಟಿನಲ್ಲಿ ಒಂದು ಅಂಕಿಯ ಪಕ್ಕ ಚುಕ್ಕಿ ಇದೆಯಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ? ರೋಗ ಯಾವುದೆಂದು ಕಂಡುಹಿಡಿ ಎಂದು ಯಾರೂ ಕೇಳುತ್ತಿಲ್ಲ. ಎಲ್ಲವೂ ಓಪಿಡಿಯ ಕುರ್ಚಿಯಲ್ಲೇ ಇತ್ಯರ್ಥವಾಗಬೇಕಿದ್ದ ಮಾತುಗಳು. ಅಲ್ಲಿ ಹಿಂದಿನವರು ಏಳುವ ಮೊದಲೇ ಮುಂದಿನವರು ಕೂತಿರುತ್ತಾರೆ, ಬಾಗಿಲಾಚೆ ಟೋಕನ್ ಹಿಡಿದ ಜಗತ್ತೇ ನಿಂತಿರುತ್ತದೆ. ಅಲ್ಲಿ ಉಳಿಸಿದ ಎರಡು ನಿಮಿಷವೇ ಬಡ್ಡಿ ಸೇರಿ ಇಲ್ಲಿ ಫೋನಾಗಿ ಬರುತ್ತದೆ.

ಹೀಗೆ ಉಳಿಸುವವರಲ್ಲಿ ನಮ್ಮ ಹುಡುಗಿಯೂ ಒಬ್ಬಳು ಎಂಬುದೇ ಪೇಚು. ವಾರ್ಡಿನಲ್ಲಿ ಆಕೆಗೆ ಬೆಡ್ಡುಗಳ ಲೆಕ್ಕವಿದೆ, ಅವುಗಳ ಸುತ್ತ ನಿಂತ ಮನೆಮಂದಿಯ ಲೆಕ್ಕವಿಲ್ಲ. "ನಮ್ಮ ಯಜಮಾನ್ರಿಗೆ ಏನಾಗಿದೆ ಮೇಡಂ?" ಎಂದು ಹಿಂದೆಯೇ ಬಂದ ಹೆಂಗಸಿಗೆ "ಎಲ್ಲಾ ಚೀಟೀಲಿ ಬರೆದಿದೆ ಅಮ್ಮಾ" ಎನ್ನುತ್ತ ಮುಂದಿನ ಬೆಡ್ಡಿಗೆ ಹೋಗುತ್ತಾಳೆ. ಬರೆದಿರುವುದು ನಿಜ. ನಡುರಾತ್ರಿ ಕಣ್ಣು ಮುಚ್ಚಿಹೋಗುತ್ತಿರುವಾಗ, ಬಿಡಿ, ಟಿಡಿಎಸ್, ಎಚ್‌ಎಸ್ ಎಂದು ತಾನೇ ಗೀಚಿದ ಡಿಸ್ಚಾರ್ಜ್ ಸಮರಿ ಅದು. ಮರುದಿನ ಆ ಯಜಮಾನರು ಅರಸೀಕೆರೆಯ ಬಸ್ಸು ಹತ್ತುವ ಹೊತ್ತಿಗೆ ಚೀಟಿಯ ಫೋಟೊ ವಾಟ್ಸಾಪಿನಲ್ಲಿ ಅವರ ತಂಗಿಯ ಮಗನಿಗೆ ಹೋಗಿರುತ್ತದೆ. ಅವನು ಹುಬ್ಬಳ್ಳಿಯಲ್ಲಿ ಹೌಸ್ ಸರ್ಜನ್, ಕ್ಯಾಶುವಾಲ್ಟಿಯ ಮೂಲೆಯಲ್ಲಿ ನಿಂತು ಫೋಟೊವನ್ನು ಹಿಗ್ಗಿಸಿ, ಕುಗ್ಗಿಸಿ, ಫೋನನ್ನೇ ಅಡ್ಡ ತಿರುಗಿಸಿ ನೋಡಿ, "ಯಾರತ್ರ ತೋರಿಸಿದ್ರಿ ಮಾವ, ಡಾಕ್ಟ್ರು ನಿಮಗೆ ಏನೂ ಹೇಳಲೇ ಇಲ್ವಾ?" ಎಂದು ರೇಗುತ್ತಾನೆ. ಅವನ ಹಿಂದೆ ಸ್ಟ್ರೆಚರ್ ಹಿಡಿದುಕೊಂಡವರು ನಮ್ಮಪ್ಪನಿಗೆ ಏನಾಗಿದೆ ಸಾರ್ ಎಂದು ಆಗಲೇ ಎರಡು ಸಲ ಕೇಳಿಯಾಗಿದೆ.