ಸ್ಪ್ಯಾನರ್ ಅಂಕಲ್

ಸಿಡ್ನಿಯ ವೆಸ್ಟ್‌ಮೀಡ್, ಟೂಂಗಾಬಿ ಆಗಲಿ, ಮೆಲ್ಬರ್ನಿನ ಪಾಯಿಂಟ್ ಕುಕ್, ಟಾರ್ನೀಟ್ ಆಗಲಿ, ಕನ್ನಡದವರ ಹತ್ತು ಮನೆಯಿದ್ದ ಕಡೆ ಒಬ್ಬ ಸ್ಪ್ಯಾನರ್ ಅಂಕಲ್ ಇದ್ದೇ ಇರುತ್ತಾರೆ. ಹೆಸರಿಟ್ಟದ್ದು ಮಕ್ಕಳು, ನಿಜವಾದ ಹೆಸರು ಈಗ ಕನ್ನಡ ಸಂಘದ ಸದಸ್ಯರ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ವಾರವೆಲ್ಲ ಯಾವುದೋ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಮನುಷ್ಯ ಶನಿವಾರ ಬೆಳಿಗ್ಗೆ ಹಳೇ ಬನಿಯನ್ನು ತೊಟ್ಟು ಗ್ಯಾರೇಜಿನ ಬಾಗಿಲೆತ್ತಿದರೆ ಮುಗಿಯಿತು, ಊಟಕ್ಕೂ ಬರುವುದಿಲ್ಲ. ಎರಡು ಕಾರು ನಿಲ್ಲಲೆಂದು ಕಟ್ಟಿದ ಗ್ಯಾರೇಜು. ಎರಡೂ ಕಾರು ಬೀದಿಯಲ್ಲಿ. ಒಳಗಿರುವುದು ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಒಂದೇ, ಅದೂ ಪೂರ್ತಿ ಒಂದೇ ಜಾಗದಲ್ಲಿಲ್ಲ.

ಮೂಲ ಮೈಸೂರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ತಯಾರಾದವಲ್ಲ, ಅಲ್ಲಿ ಇವರ ಚಿಕ್ಕಪ್ಪ ಕೆಲಸಕ್ಕಿದ್ದರಂತೆ. "ಕಿಕ್ಕರೂ ಅದೇ, ಗೇರೂ ಅದೇ. ಒಂದೇ ಕಡ್ಡೀಲಿ ಎರಡು ಕೆಲಸ! ಈಗಿನೋರಿಗೆ ಆ ಬುದ್ಧಿ ಎಲ್ಲಿಂದ ಬರ್ಬೇಕು?" ಎನ್ನುತ್ತಾರೆ, ಆ ಕಡ್ಡಿಯನ್ನು ತಾವೇ ಕಂಡುಹಿಡಿದವರ ಹಾಗೆ. ಚಿಕ್ಕಪ್ಪ ಅಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದರೆಂದು ಅಂಕಲ್ ಹೆಂಡತಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದುಂಟು.

ಇಲ್ಲಿನ ಮೆಕ್ಯಾನಿಕ್‌ಗಳ ಮೇಲೆ ಇವರಿಗೆ ದ್ವೇಷವಿಲ್ಲ, ಬಿಲ್ಲಿನ ಮೇಲಿದೆ. ಗಂಟೆಗೆ ನೂರು ಡಾಲರ್‌ಗೂ ಹೆಚ್ಚು ಕೂಲಿ ಕೇಳಿದರೆ, "ಆ ದುಡ್ಡಿಗೆ ಬೆಂಗ್ಳೂರಿನ ಜೆ.ಸಿ. ರೋಡಲ್ಲಿ ಇಂಜಿನ್ನೇ ಇಳಿಸ್ಕೊಡ್ತಾರೆ ಕಣಪ್ಪ" ಎಂದು ನೇರ ಬನ್ನಿಂಗ್ಸ್ ಅಂಗಡಿಗೆ ಹೋಗಿ, ಅದರ ಎರಡರಷ್ಟು ಬೆಲೆಯ ಹತ್ಯಾರ ತಂದು, ಉಳಿತಾಯವಾಯಿತೆಂದು ಕೂರುತ್ತಾರೆ.

ಆದರೆ ಟ್ಯಾಂಕ್ ಸೋರುವ ವಿಷಯ ಬಂದಾಗ ಇವರ ಮುಂದೆ ನಗಬೇಡಿ. ಅಲ್ಲಿ ಇವರು ನಿಜವಾದ ಪಂಡಿತರು. ಸೋರಿಕೆ ಕಂಡ ಕೂಡಲೇ ಎಲ್ಲರೂ ತೂತು ಹುಡುಕಿದರೆ, ಇವರು ಮೊದಲು ಪೆಟ್ರೋಲ್ ಕಾಕ್ ಬಿಚ್ಚಿ ಅದರ ವಾಷರ್ ನೋಡುತ್ತಾರೆ. ಟ್ಯಾಂಕ್ ಸೋರುತ್ತಿದೆ ಎಂದು ಬಂದವರಲ್ಲಿ ಎಷ್ಟೋ ಮಂದಿಯ ಟ್ಯಾಂಕು ಗಟ್ಟಿಯಾಗಿಯೇ ಇರುತ್ತದೆ. ಒಣಗಿ ಸೀಳಿದ ರಬ್ಬರಿನದು ತಪ್ಪು. ಆಮೇಲೆ ವಿಚಾರಣೆ: "ಅರ್ಧ ಟ್ಯಾಂಕ್ ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ್ರಾ? ಖಾಲಿ ಜಾಗದಲ್ಲಿ ಗಾಳಿಯ ತೇವ ನೀರಾಗಿ ತಳಕ್ಕಿಳಿಯುತ್ತೆ, ತಳದ ಜೋಡಣೆಯಿಂದಲೇ ತುಕ್ಕು ಶುರು." ಸಿಡ್ನಿಯವರಾದರೆ ಇನ್ನೊಂದು ಪ್ರಶ್ನೆ ಹೆಚ್ಚು: "ಇ10 ಹಾಕಿಸ್ತೀರಾ?" ನ್ಯೂ ಸೌತ್ ವೇಲ್ಸಿನಲ್ಲಿ 2007ರ ಕಾಯ್ದೆಯಿಂದಾಗಿ ಬಹುತೇಕ ಬಂಕುಗಳಲ್ಲಿ ಎಥನಾಲ್ ಬೆರೆತ ಪೆಟ್ರೋಲು ಸಿಗುತ್ತದೆ. ನೂರಕ್ಕೆ ಹತ್ತು ಪಾಲಿನವರೆಗೆ ಇರುವ ಆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ಬೈಕಿನ ರಬ್ಬರನ್ನೂ, ಹಿಂದೆ ಯಾರೋ ಒಳಗೆ ಬಳಿದ ಲೇಪವನ್ನೂ ಮೆತ್ತಗೆ ಮಾಡುತ್ತದೆ. ಲೀಟರಿಗೆ ಕೆಲವು ಸೆಂಟು ಉಳಿಸಿದವನನ್ನು ಅಂಕಲ್ ನೋಡುವ ನೋಟವನ್ನು ಅವರ ಮಕ್ಕಳೂ ಕಂಡಿಲ್ಲ, ಗಣಿತದಲ್ಲಿ ಫೇಲಾದಾಗಲೂ.

ತಾತ್ಕಾಲಿಕ ಚಿಕಿತ್ಸೆ ಸೋಪು. ಸೋಪಿನ ಬಿಲ್ಲೆಯನ್ನು ಸೂಜಿಮೊನೆಯಷ್ಟು ತೂತಿನ ಮೇಲೆ ಒತ್ತಿ ಉಜ್ಜಿದರೆ, ಪೆಟ್ರೋಲಿನಲ್ಲಿ ಅದು ಕರಗುವುದಿಲ್ಲವಾದ್ದರಿಂದ ಮನೆ ಸೇರುವವರೆಗೆ ತಡೆಯುತ್ತದೆ. ಒಮ್ಮೆ ಕೈಗೆ ಸಿಕ್ಕಿದ್ದು ಮನೆಯವರು ಊರಿಂದ ತರಿಸಿಕೊಂಡಿದ್ದ ಮೈಸೂರು ಸ್ಯಾಂಡಲ್. ಆ ಸೋಪಿನ ಕಾರ್ಖಾನೆ ತೆರೆಸಿದ ಮೈಸೂರಿನ ಅರಸು ನಾಲ್ವಡಿಯವರು ಈ ಉಪಯೋಗವನ್ನು ಎಣಿಸಿರಲಾರರು. "ರೀ, ಬಚ್ಚಲಲ್ಲಿದ್ದ ಸೋಪೆಲ್ಲಿ?" ಎಂಬ ಪ್ರಶ್ನೆಗೆ ಗ್ಯಾರೇಜಿನಿಂದ ಉತ್ತರ ಬರಲಿಲ್ಲ, ಗಂಧದ ವಾಸನೆ ಬಂತು.

ಕಾಯಂ ಚಿಕಿತ್ಸೆಗೆ ಎರಡು ದಿನ ಬೇಕು. ಪೆಟ್ರೋಲ್ ಪೂರ್ತಿ ಇಳಿಸಬೇಕು, ಬಿಸಿನೀರು ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ತೊಳೆಯಬೇಕು, ಒಂದು ಹಿಡಿ ನಟ್ಟು ಹಾಕಿ ಕುಲುಕಿ ತುಕ್ಕು ಉದುರಿಸಬೇಕು, ವಿನಿಗರ್ ತುಂಬಿ ರಾತ್ರಿಯಿಡೀ ಬಿಡಬೇಕು. ಬೆಸುಗೆ ಹಾಕೋಣವೆಂದು ಯಾರಾದರೂ ಅಂದರೆ ಅಂಕಲ್ ದನಿ ಏರುತ್ತದೆ: "ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ, ಒಳಗಿರೋದು ಪೆಟ್ರೋಲಿನ ಆವಿ!" ಮಾತು ಸತ್ಯ. ಕೊನೆಗೆ ತೂತಿನ ಸುತ್ತ ಬಣ್ಣ ಕೆರೆದು, ಒಣಗಿಸಿ, ಎಂ-ಸೀಲ್. ಇಲ್ಲಿಯೂ ಅಂಥ ಅಂಟು ಬೇಕಾದಷ್ಟು ಸಿಗುತ್ತದೆ, ಆದರೂ ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಎಂ-ಸೀಲ್ ಇರಲೇಬೇಕು. ಹಪ್ಪಳದ ಹಿಟ್ಟಿನಂತಿದ್ದ ಅದನ್ನು ಒಮ್ಮೆ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಎತ್ತಿ ಹಿಡಿದು "ಇದು ತಿನ್ನುವುದೇ?" ಎಂದು ಕೇಳಿದರಂತೆ. ಚಟ್ನಿಪುಡಿಗಿಂತ ಅದಕ್ಕೇ ವಿವರಣೆ ಉದ್ದವಾಯಿತು.

ರಿಪೇರಿಯಲ್ಲಿ ಮೆಲ್ಬರ್ನಿನ ಅಂಕಲ್‌ಗೆ ಸಿಡ್ನಿಯವರಷ್ಟು ಅವಸರವಿಲ್ಲ. ಸಿಡ್ನಿಯಲ್ಲಿ ಐದು ವರ್ಷ ದಾಟಿದ ಬೈಕಿಗೆ ವರ್ಷವರ್ಷವೂ ಪಿಂಕ್ ಸ್ಲಿಪ್ ಪರೀಕ್ಷೆ. ಸೋರುವ ಟ್ಯಾಂಕಿಗೆ ಗಡುವಿದೆ. ವಿಕ್ಟೋರಿಯಾದಲ್ಲಿ ಆ ವಾರ್ಷಿಕ ಪರೀಕ್ಷೆಯಿಲ್ಲ, ಮಾರುವಾಗ ರೋಡ್‌ವರ್ದಿ ಸರ್ಟಿಫಿಕೇಟ್ ತೋರಿಸಿದರೆ ಆಯಿತು. ಅಂಕಲ್ ಮಾರುವವರೇ ಅಲ್ಲ. ಹಾಗಾಗಿ 243 ಕಿಲೋಮೀಟರಿನ ಗ್ರೇಟ್ ಓಷನ್ ರೋಡ್ ಸವಾರಿ ಪ್ರತಿ ಬೇಸಿಗೆಯಲ್ಲೂ ಮುಂದಕ್ಕೆ ಹೋಗುತ್ತಿರುತ್ತದೆ.

ಇನ್ನು ಬೋಲ್ಟು. ಒಂಟಿ ಸಿಲಿಂಡರಿನ ಬೈಕು ಅದುರುತ್ತದೆ, ಅದುರಿದರೆ ಬೋಲ್ಟು ಸಡಿಲುತ್ತದೆ. ಸ್ಪ್ರಿಂಗ್ ವಾಷರ್, ಒಂದು ಹನಿ ನೀಲಿ ಲಾಕ್‌ಟೈಟ್, ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟೇ ಬಿಗಿ, ಇಷ್ಟು ಸಾಕು. ಅಂಕಲ್ ಹತ್ತಿರ ಟಾರ್ಕ್ ರೆಂಚ್ ಇದೆ, ಗೋಡೆಯ ಮೇಲೆ, ಪೆಟ್ಟಿಗೆಯಿಂದ ತೆಗೆಯದೆ. "ಕೈಗೇ ಗೊತ್ತಾಗುತ್ತೆ" ಎಂದು ಇನ್ನೊಂದು ಅರ್ಧ ಸುತ್ತು ಹಾಕುತ್ತಾರೆ. ಅಲ್ಯೂಮಿನಿಯಂ ಒಳಗಿನ ತಿರುಪಿನ ಮರೆ ಕಿತ್ತುಬರುವುದು ಆ ಅರ್ಧ ಸುತ್ತಿನಲ್ಲೇ. ಸಿಡ್ನಿಯ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದರೆ, ದೋಸೆ ತಿಂದು ಹೊರಬಂದು ಪಾರ್ಕಿಂಗಿನಲ್ಲಿ ಪರರ ಬೈಕುಗಳನ್ನೂ ಮುಟ್ಟಿ ನೋಡುತ್ತಾರೆ. ಕಳೆದ ರಾಜ್ಯೋತ್ಸವದಲ್ಲಿ ವೇದಿಕೆಯ ಮೈಕ್ ಸ್ಟ್ಯಾಂಡು ಜಾರುತ್ತಿತ್ತು. ಅಧ್ಯಕ್ಷರ ಎತ್ತರಕ್ಕೆ ಸರಿಮಾಡಿ ಅಂಕಲ್ ಬಿಗಿದರು. ಅಂದಿನಿಂದ ಅದು ಕದಲಿಲ್ಲ. ಭಾವಗೀತೆ ಹಾಡಲು ಬಂದ ಪುಟ್ಟ ಹುಡುಗಿಯನ್ನು ಕುರ್ಚಿಯ ಮೇಲೆ ನಿಲ್ಲಿಸಬೇಕಾಯಿತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೈಕಿನ ಟ್ಯಾಂಕ್ ಸೋರಿದರೆ ಎರಡು ಯೋಚನೆ ಬೇಡ, ಅಂಕಲ್‌ರನ್ನೇ ಕರೆಯಿರಿ. ಬೋಲ್ಟ್ ಸಡಿಲವಾಗಿದ್ದರೆ ಮಾತ್ರ, ಅವರು ಬರುವ ಮೊದಲೇ ನೀವೇ ಬಿಗಿ ಮಾಡಿಟ್ಟುಕೊಳ್ಳಿ.